ನಾಗನಿಗೆ ಎರಡು ಬಟ್ಟಲು

ಬಟ್ಟಲ ನೀರು ನಾಗನ ನೆತ್ತಿಗೆ ಬಿದ್ದ ಮೇಲೆಯೇ ಕೇ ಖೈನ್‌ಗೆ ತಪ್ಪು ಹೊಳೆದದ್ದು. ಬರ್ಮಾದ ಬಗಾನಿನ ಆ ಪಗೋಡದ ಸುತ್ತ ಸೋಮವಾರ, ಮಂಗಳವಾರ ಎಂದು ಒಂದೊಂದು ವಾರಕ್ಕೂ ಒಂದೊಂದು ಪ್ರಾಣಿಯ ಮೂರ್ತಿ; ಶನಿವಾರಕ್ಕೆ ನಾಗ. ಹುಟ್ಟಿದ ವಾರದ ಪ್ರಾಣಿಗೇ ನೀರೆರೆಯಬೇಕು. ಹೆಸರನ್ನೂ ಹುಟ್ಟಿದ ವಾರದ ಅಕ್ಷರದಿಂದಲೇ ಇಡುವುದು. ಅವಳ ಹೆಸರಿನ 'ಕ' ಸೋಮವಾರದ ಅಕ್ಷರ, ಅದಕ್ಕೆ ಹುಲಿ. ಆದರೆ ಅದು ಶನಿವಾರ ಹುಟ್ಟಿದ ಮಗಳಿಗೆ ಅಮ್ಮ ಇಟ್ಟ ಸುಳ್ಳು ಹೆಸರು. ಕದ್ದು ನಾಗನ ಬಳಿಗೇ ಬರುತ್ತಿದ್ದ ಕಾಲುಗಳು ಮಾತ್ರ ಸುಳ್ಳು ಕಲಿತಿರಲಿಲ್ಲ.

ಬೆನ್ನಿಗೇ ನಿಂತಿದ್ದಳು ಭಾವೀ ಅತ್ತೆ ಡೊ ಮ್ಯಾ. ದಾರಿಯುದ್ದಕ್ಕೂ ಜೋಯಿಸನ ಮೂಗುದನಿಯನ್ನು ಅಣಕಿಸುತ್ತಾ ಬಂದವಳು: "ಶನಿವಾರದ ಸೊಸೆ ತಂದ್ರೆ ಮನೆಗೆ ಬೆಂಕೀಂ... ಬೆಂಕೀಂ!"

"ಏನೇ ಹುಡುಗಿ, ಹುಲಿ ಅಲ್ಲಿದೆ. ಹಾವಿಗ್ಯಾಕೆ ಸ್ನಾನ?"

"ಬಿಸ್ಲು ಅತ್ತೆ... ಪಾಪ ಅನ್ನಿಸ್ತು." ಕಾದ ಕಲ್ಲಿನ ಮೇಲೆ ಕೇ ಖೈನ್ ಕಾಲು ಬದಲಿಸಿದಳು. ಮದುವೆ ಮುರಿಯಿತು ಎಂದುಕೊಂಡಳು.

ಡೊ ಮ್ಯಾ ಅತ್ತಿತ್ತ ನೋಡಿದಳು. ಬಟ್ಟಲು ಕಿತ್ತುಕೊಂಡು, ತುಂಬಿಸಿ, ಕಣ್ಮುಚ್ಚಿ ಅದೇ ನಾಗನಿಗೆ ಎರೆದಳು.

"ಊರಿಗೆಲ್ಲ ನಾನು ಗುರುವಾರದವಳು ಕಣೇ," ಪಿಸುಗುಟ್ಟಿದಳು. "ಇಷ್ಟು ವರ್ಷದಲ್ಲಿ ಮನೇಲಿ ಉರಿದಿದ್ದು ಒಲೆ ಒಂದೇ. ಆಮೇಲೆ ನಮ್ಮತ್ತೆ ಹೊಟ್ಟೆ."