ಹಿಟ್ಟಿನ ಡಬ್ಬದ ಕೂಗು

ಔಷಧಿ ಬಾಟಲಿಗಳಿಗೆ ಬಾಯಿ ಬಂದಮೇಲೆ ಯಾರ ಕಾಯಿಲೆಯೂ ಗುಟ್ಟಾಗಿ ಉಳಿಯಲಿಲ್ಲ. ತೊಟ್ಟಿಲು ಶಾಸ್ತ್ರಕ್ಕೆ ಬಂದ ನೆಂಟರ ಚೀಲಗಳಲ್ಲೂ ಬಿಪಿ, ಶುಗರ್ ಬಾಟಲಿಗಳ ಗೊಣಗಾಟ.

ಸೊಸೆಯ ಎಚ್‌ಐವಿ ಮಾತ್ರ ಯಾರ ಕಿವಿಗೂ ಬೀಳಬಾರದೆಂದು ಚೆನ್ನಾಜಮ್ಮ ಮೊಮ್ಮಗಳ ಔಷಧಿ ಬಾಟಲಿಯನ್ನು ನಿನ್ನೆಯೇ ರಾಗಿಹಿಟ್ಟಿನ ಡಬ್ಬದಲ್ಲಿ ಹೂತಿಟ್ಟಿದ್ದಳು. ಇಷ್ಟು ಜನರ ಮುದ್ದೆಗೆ ಹಿಟ್ಟು ತೆಗೆದು ತೆಗೆದು ಡಬ್ಬದ ತಳ ಕಂಡಿತ್ತು.

ಸೋಬಾನೆಯ ನಡುವೆ ಡಬ್ಬ ಕೂಗಿತು: "ತಾಯಿಯ ಎಚ್‌ಐವಿ ಮಗುವಿಗೆ ತಗುಲದಿರಲು ಔಷಧಿ ಹಾಕಿ."

ಹಾಡು ನಿಂತಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಚೆನ್ನಾಜಮ್ಮನಿಗೆ. ಮಗುವಿಗೆ ಎದೆಹಾಲು ಕುಡಿಸುತ್ತಿದ್ದ ಸೊಸೆ ವಿನುತಾ ಬಾಟಲಿಗಾಗಿ ಕೈಚಾಚಿದಳು.

ಹೊರಬಂದ ಬಾಟಲಿ ಇನ್ನೊಂದು ಮಾತು ಸೇರಿಸಿತು: "ನಿನ್ನೆಯದೂ ಹಾಕಿಲ್ಲ."

"ನಿನ್ನೆ ನಾನೇ ಹಾಕಿದೆ ಅಂದ್ರಲ್ಲ, ಅತ್ತೆ" ಅಂದಳು ವಿನುತಾ.

ನೆಂಟರು ಯಾರೂ ವಿನುತಾಳನ್ನು ನೋಡುತ್ತಿರಲಿಲ್ಲ, ಚೆನ್ನಾಜಮ್ಮನನ್ನು ನೋಡುತ್ತಿದ್ದರು.