ಒಳಗೆ ಬಿಟ್ಟ ಬಟ್ಟೆ

ಚರ್ಚಿಗೆ ಹೊರಡಲು ಕನ್ನಡಿಯ ಮುಂದೆ ನಿಂತು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ ಟೈಲರ್ ಮಾಸ್ಟರಿಗೆ ಪಕ್ಕೆಯಲ್ಲಿ ಏನೋ ಒತ್ತಿತು. ಅಂಗಿ ಕಳಚಿ ಒಳಮಗ್ಗುಲು ತಿರುಗಿಸಿ ನೋಡಿದರು. ಸಣ್ಣ ಮಾಡಿಕೊಡು ಎಂದಿದ್ದಕ್ಕೆ ಹೆಂಡತಿ ಹೊಲಿಗೆಯನ್ನೇನೋ ಒಳಕ್ಕೆ ಸರಿಸಿದ್ದಳು. ಹೆಚ್ಚಾದ ಬಟ್ಟೆಯನ್ನು ಮಾತ್ರ ಕತ್ತರಿಸಿರಲಿಲ್ಲ. ಎರಡೂ ಪಕ್ಕದಲ್ಲಿ ನಾಲ್ಕು ಬೆರಳಗಲ ಬಟ್ಟೆ ಮಡಚಿಕೊಂಡು ಹಾಯಾಗಿ ಕೂತಿತ್ತು. ಕೆಲಸ ಕಲಿಯಲು ಬಂದವರು ಯಾರಾದರೂ ಹೀಗೆ ಮಾಡಿದ್ದರೆ ಮಾಸ್ಟರು ಅಂಗಡಿಯಿಂದಲೇ ಓಡಿಸುತ್ತಿದ್ದರು. ಈಗ ಅಂಗಡಿ ನಡೆಸುತ್ತಿರುವವಳೇ ಹೆಂಡತಿ, ಓಡಿಸುವುದು ಯಾರನ್ನು?

"ಇದನ್ನ ಯಾಕೆ ಬಿಟ್ಟೆ?"

"ಮಕ್ಕಳ ಬಟ್ಟೆಗೆ ನೀವೂ ಬಿಡ್ತೀರಲ್ಲ."

"ಅವರು ಬೆಳೀತಾರೆ ಕಣೇ. ನಾನು ಕರಗ್ತಾ ಇದ್ದೀನಿ."

ಸುಳ್ಳಲ್ಲ. ಕಾಯಿಲೆ ಹಿಡಿದಾಗಿನಿಂದ ಮಾಸ್ಟರ ಮೈ ಇಳಿಯುತ್ತಲೇ ಇತ್ತು. ಡಾಕ್ಟರು ಔಷಧಿ ಬದಲಾಯಿಸಿ ಬದಲಾಯಿಸಿ, ಕೊನೆಗೆ 'ನೋಡೋಣ' ಎಂಬ ಒಂದೇ ಮಾತಿಗೆ ಬಂದು ನಿಂತಿದ್ದರು. ಹೆಂಡತಿಯದು ಬೇರೆಯೇ ಲೆಕ್ಕ. ಮೊದಲ ಸಲ ಆಸ್ಪತ್ರೆಗೆ ಸೇರಿಸಿದ ದಿನ ಅವಳು ಮೊಣಕಾಲೂರಿ ಬೇಡಿಕೊಂಡಾಗ, ನಿನ್ನ ಗಂಡನನ್ನು ಎಬ್ಬಿಸಿ ನಿಲ್ಲಿಸುತ್ತೇನೆಂದು ಕರ್ತನು ಮಾತು ಕೊಟ್ಟಿದ್ದನಂತೆ. ಆ ವಾಗ್ದಾನವನ್ನು ಅವಳು ಅಂದು ಹಿಡಿದುಕೊಂಡದ್ದು, ಇನ್ನೂ ಕೈಬಿಟ್ಟಿರಲಿಲ್ಲ.

"ಎಬ್ಬಿಸ್ತೀನಿ ಅಂದನಲ್ಲ, ಯಾವಾಗ ಅಂತ ಹೇಳಿದ್ದಾನಾ?" ಮಾಸ್ಟರು ಕೆಣಕಿದರು.

"ಹೇಳಿಲ್ಲ," ಅವಳು ಸೂಜಿಗೆ ದಾರ ಪೋಣಿಸುತ್ತಲೇ ಅಂದಳು. "ಅದಕ್ಕೇ ಕತ್ತರಿಸಿಲ್ಲ."

ಕೆಲವು ವಾರಗಳಲ್ಲೇ ಅಂಗಿ ಇನ್ನೊಮ್ಮೆ ಸಡಿಲವಾಯಿತು. ಅವಳು ಇನ್ನೊಂದು ಸಾಲು ಹೊಲಿಗೆ ಹಾಕಿದಳು, ಒಳಗಿನ ಮಡಿಕೆ ಇನ್ನಷ್ಟು ದಪ್ಪವಾಯಿತು. ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ಜನ ಬಂದು ಮಾಸ್ಟರ ಕೈಯನ್ನು ಗಾಜಿನ ಸಾಮಾನಿನಂತೆ ಹಿಡಿದು, ದನಿ ತಗ್ಗಿಸಿ ಮಾತಾಡಿಸಿ ಹೋಗುತ್ತಿದ್ದರು. ಮಾಸ್ಟರ ಅಕ್ಕನಂತೂ ಮನೆಗೇ ಬಂದು, ಇಲ್ಲದ ಆಸೆ ಹುಟ್ಟಿಸಿ ನನ್ನ ತಮ್ಮನನ್ನು ದಣಿಸಬೇಡ, ದೇವರ ಚಿತ್ತ ಏನಿದೆಯೋ ಒಪ್ಪಿಕೋ ಎಂದು ಬುದ್ಧಿ ಹೇಳಿದರು. ಅವಳು ವಾದಕ್ಕಿಳಿಯಲಿಲ್ಲ. ಅತ್ತಿಗೆಗೆ ಚಹಾ ಕೊಟ್ಟು, ಬೀದಿ ತಿರುವಿನವರೆಗೆ ಕಳಿಸಿಬಂದು, ಮತ್ತೆ ಮೆಷಿನ್ ತುಳಿಯಲು ಕೂತಳು. ಈ ಹೆಂಗಸಿಗೆ ಇಷ್ಟು ಗಟ್ಟಿತನ ಎಲ್ಲಿಂದ ಬಂತೆಂದು ಮಾಸ್ಟರು ಹಾಸಿಗೆಯಿಂದಲೇ ಬೆರಗಾಗಿ ನೋಡಿದರು.

ಆದರೆ ಒಂದು ಮಧ್ಯಾಹ್ನ ಒದ್ದೆ ಟವೆಲಿನಲ್ಲಿ ಅವರ ಮೈ ಒರೆಸುತ್ತಿದ್ದವಳ ಕೈ ತಟ್ಟನೆ ನಿಂತಿತು. ಎರಡೂ ಪಕ್ಕೆಯ ಮೇಲೆ, ಆ ಮಡಿಕೆ ಉಜ್ಜುವ ಜಾಗದಲ್ಲೇ, ಚರ್ಮ ಕೆಂಪಾಗಿ ಸುಲಿದಿತ್ತು. ಮಾಸ್ಟರು ಇಷ್ಟು ದಿನ ತುಟಿಪಿಟಕ್ಕೆಂದಿರಲಿಲ್ಲ. ಅವಳು ಎದ್ದು ಗೂಟದಲ್ಲಿದ್ದ ಅಂಗಿಯನ್ನು ಮೇಜಿನ ಮೇಲೆ ಹರಡಿ ಕತ್ತರಿ ತೆಗೆದುಕೊಂಡಳು.

"ನನ್ನ ಹಟಕ್ಕೆ ನಿಮ್ಮ ಮೈ ಸುಲೀತಾ ಇದೆ," ಅಂದಳು. "ಅಕ್ಕ ಹೇಳಿದ್ದೇ ಸರಿಯೇನೋ. ಕತ್ತರಿಸಿಬಿಡ್ತೀನಿ." ಅವಳ ಕಣ್ಣು ತುಂಬಿದ್ದನ್ನು ಕಾಯಿಲೆ ಶುರುವಾದ ಮೇಲೆ ಮಾಸ್ಟರು ಕಂಡದ್ದು ಅದೇ ಮೊದಲು. ತನ್ನ ಕಾಯಿಲೆಗೂ ಅವರು ಅಷ್ಟು ಹೆದರಿರಲಿಲ್ಲ.

ಗೋಡೆ ಹಿಡಿದು, ಕುರ್ಚಿ ಹಿಡಿದು, ಮೇಜಿನವರೆಗೆ ಬಂದರು. ಕತ್ತರಿಯ ಬಾಯಿಗೆ ಅಡ್ಡವಾಗಿ ಬಟ್ಟೆಯ ಮೇಲೆ ಅಂಗೈ ಇಟ್ಟರು.

"ನನ್ನನ್ನ ನೋಡೋಕೆ ಬಂದವರೆಲ್ಲ ಕಣ್ಣಲ್ಲೇ ಅಳತೆ ತಗೊಂಡು ಹೋಗ್ತಾರೆ. ಯಾವ ಪೆಟ್ಟಿಗೆಗೆ ಅಂತ ನನಗೆ ಗೊತ್ತಾಗಲ್ವಾ? ಬಟ್ಟೆ ಬಿಟ್ಟಿರೋಳು ನೀನೊಬ್ಬಳೇ. ಅದು ಪಕ್ಕೆಗೆ ಒತ್ತಿದಾಗಲೆಲ್ಲ, ನಾನು ಇನ್ನೂ ಇರ್ತೀನಿ ಅನ್ಸುತ್ತೆ ಕಣೇ."

ಅವಳಷ್ಟು ನಂಬುವುದು ತನ್ನಿಂದಾಗದು, ಅವಳ ನಂಬಿಕೆಯನ್ನು ತೊಟ್ಟುಕೊಂಡು ಕೂರುವುದಷ್ಟೇ ತನಗೆ ಗೊತ್ತು ಎಂದು ಹೇಳಬೇಕೆನಿಸಿತು. ಹೇಳುವ ಬದಲು ಅವಳ ಕೈಯಿಂದ ಕತ್ತರಿ ಬಿಡಿಸಿ ಡ್ರಾಯರಿಗೆ ಹಾಕಿದರು. ಬಟ್ಟೆಯ ಅಂಚಿಗೆ ಒಂದು ಮೆತ್ತನೆಯ ಪಟ್ಟಿ ಕೊಟ್ಟರೆ ಸಾಕು, ಉಜ್ಜುವುದಿಲ್ಲ ಎಂದು ತೋರಿಸಿಕೊಟ್ಟರು.

ಅವಳು ಕಣ್ಣೊರೆಸಿಕೊಂಡು ಅಂಗಿಯನ್ನು ಅವರ ಮೈಗೆ ಹಿಡಿದು ನೋಡಿದಳು. ಮತ್ತೆ ಸಡಿಲವಾಗಿತ್ತು. ಹೊಲಿಗೆಗೆಂದು ಚಾಕಿನಲ್ಲಿ ಇನ್ನೊಂದು ಗೆರೆ ಎಳೆದು ಮೆಷಿನ್ನಿನ ಮುಂದೆ ಕೂತಳು. ಮಾಸ್ಟರು ಬಗ್ಗಿ, ಹೊಲಿಗೆಯ ಅಳತೆ ಬದಲಿಸುವ ಮೆಷಿನ್ನಿನ ತಿರುಪು ತಿರುಗಿಸಿದರು.

"ಹೊಲಿಗೆ ಉದ್ದುದ್ದ ಬೀಳಲಿ," ಅಂದರು. "ಬಿಚ್ಚೋವಾಗ ನಿನಗೆ ಕಷ್ಟ ಆಗಬಾರದು."