ಕದ್ದರೇ ಬೆಳೆಯುವ ಗಿಡ

ಕೆಳಮನೆಯ ವಾರಿಜಮ್ಮ ಕೇರಳದಿಂದ ತರಿಸಿದ್ದ ಮಾನ್‌ಸ್ಟೆರಾ ಗಿಡದ ಎಲೆ ಅರ್ಧ ಹಸಿರು, ಅರ್ಧ ಹಾಲುಬಿಳುಪು. ಅಂಥದು ಊರಲ್ಲೇ ಇನ್ನೊಂದಿರಲಿಲ್ಲ. ಮಹಡಿಮನೆಯ ಪ್ರಮೀಳಾ ನಾಚಿಕೆ ಬಿಟ್ಟು ಒಂದು ತುಂಡು ಕೇಳಿದಳು.

"ಕೊಟ್ಟ ಗಿಡ ಬೆಳೆಯಲ್ಲಮ್ಮ, ಕದ್ದರೇ ಬೆಳೆಯೋದು," ಎಂದು ಜಾರಿಕೊಂಡ ವಾರಿಜಮ್ಮ, ಬಂದವಳನ್ನು ಹಾಗೇ ಕಳಿಸಬಾರದೆಂದು ಕಾಫಿ ಮಾಡಲು ಒಳಗೆ ಹೋದರು.

ಪ್ರಮೀಳಾ ಹಿರಿಯರ ಮಾತು ಮೀರಲಿಲ್ಲ. ಗೆಣ್ಣಿರುವ ಒಂದು ತುಂಡು ಮುರಿದು ಸೆರಗಿನಲ್ಲಿ ಮುಚ್ಚಿಕೊಂಡು, ಕಾಫಿಯನ್ನೂ ಕುಡಿದು ಬಂದಳು.

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅವಳ ಗಿಡ ಮೊರದಗಲದ ಎಲೆ ಬಿಟ್ಟಿತು. ವಾರಿಜಮ್ಮನದು ನೀರು ಹೆಚ್ಚಾಗಿ ಬೇರು ಕೊಳೆತು ಸತ್ತಿತು.

ಒಂದು ದಿನ ಅವರು ಮಂಡಿ ಹಿಡಿದುಕೊಂಡು, ಮೆಟ್ಟಿಲಿಗೊಮ್ಮೆ "ರಾಮ ರಾಮಾ" ಎನ್ನುತ್ತ ಮಹಡಿ ಹತ್ತಿ ಬಂದರು. ಗಿಡ ನೋಡಿದರು. ಎಲ್ಲಿಂದ ತಂದೆ ಎಂದು ಕೇಳಲಿಲ್ಲ.

"ಒಂದು ತುಂಡು ಕೊಡ್ತೀಯೇನಮ್ಮ?"

"ಕೊಟ್ಟ ಗಿಡ ಬೆಳೆಯಲ್ಲ ಅಂತ ನೀವೇ ಹೇಳಿದ್ರಲ್ಲ ಆಂಟಿ. ಕೂತ್ಕೊಳ್ಳಿ, ಕಾಫಿ ತರ್ತೀನಿ."

ಹಿರಿಜೀವ, ನಿಧಾನವಾಗಿ ಮುರಿದುಕೊಳ್ಳಲಿ ಎಂದು ಪ್ರಮೀಳಾ ಬೇಕೆಂದೇ ಪಾತ್ರೆ ಸದ್ದು ಮಾಡುತ್ತ ಹಾಲನ್ನು ಎರಡು ಸಲ ಉಕ್ಕಿಸಿದಳು. ಲೋಟ ಹಿಡಿದು ಹೊರಗೆ ಬಂದರೆ ಮಂಡಿನೋವಿನ ವಾರಿಜಮ್ಮನೂ ಇಲ್ಲ, ಕುಂಡವೂ ಇಲ್ಲ.